ಪೂಜೆ, ಜಪ, ಉಪವಾಸ ಮತ್ತು ಮಾತ್ರೆ: ವಾಟ್ಸಾಪ್ ಗುಂಪಿನಲ್ಲಿ ವೈದ್ಯರಿಗೆ ಕೇಳಿ

ಹುಬ್ಬಳ್ಳಿಯ ಸದಸ್ಯ: ಬೇರೆಯವರು ಪ್ರಾರ್ಥನೆ ಮಾಡಿದರೆ ರೋಗಿ ಬೇಗ ಗುಣ ಆಗ್ತಾರೆ ಅಂತ ಅಮೆರಿಕದಲ್ಲಿ ಸಾಬೀತಾಗಿದೆಯಂತೆ. ನಿಜವೇ ಡಾಕ್ಟ್ರೇ?

ವೈದ್ಯರು: ಇಲ್ಲ. ಅಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಆರು ಆಸ್ಪತ್ರೆ, ಬೈಪಾಸ್ ಆದ 1802 ರೋಗಿಗಳು. ತಮಗಾಗಿ ಪ್ರಾರ್ಥನೆ ನಡೀತಿದೆಯೋ ಇಲ್ಲವೋ ಗೊತ್ತಿಲ್ಲದ ಎರಡು ಗುಂಪುಗಳಲ್ಲಿ ತೊಡಕು ಕಂಡದ್ದು ಶೇ 52 (ಪ್ರಾರ್ಥನೆ ಇತ್ತು) ಮತ್ತು ಶೇ 51 (ಇರಲಿಲ್ಲ). ‘ಖಂಡಿತ ಪ್ರಾರ್ಥಿಸುತ್ತಾರೆ’ ಎಂದು ಮೊದಲೇ ತಿಳಿಸಿದ್ದವರಲ್ಲಿ ಶೇ 59.

ಮೈಸೂರಿನ ಸದಸ್ಯೆ: ಆದರೆ ಭಕ್ತಿ ಇರುವವರ ಆಯಸ್ಸು ಹೆಚ್ಚು ಅಂತ ಓದಿದ್ದೆ.

ವೈದ್ಯರು: ಅದು ಬೇರೆ ಸಂಶೋಧನೆ, 2016ರದ್ದು, ಅಮೆರಿಕದ 74,534 ನರ್ಸುಗಳ ಮೇಲೆ. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುವವರಲ್ಲಿ ಸಾವಿನ ಪ್ರಮಾಣ, ಹೋಗದೇ ಇರುವವರಿಗಿಂತ ಶೇ 33 ಕಡಿಮೆ. ಅಳೆದದ್ದು ಸಭೆಗೆ ಹೋಗುವುದನ್ನು, ಭಕ್ತಿಯನ್ನಲ್ಲ. ಅಲ್ಲಿ ಸಿಗುವ ನಾಲ್ಕು ಜನರ ಒಡನಾಟ, ಸಿಗರೇಟು ಕಡಿಮೆ, ಖಿನ್ನತೆ ಕಡಿಮೆ, ಇವೆಲ್ಲ ಅದರೊಳಗೆ ಸೇರಿವೆ.

ದಾವಣಗೆರೆಯ ಸದಸ್ಯೆ: ಅಮ್ಮನಿಗೆ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್ ತಗೊಳ್ತಾರೆ. ಏಕಾದಶಿ ನಿರಾಹಾರ ಮಾಡಬಹುದಾ?

ವೈದ್ಯರು: ಈಗಿರುವ ಡೋಸಿನಲ್ಲಿ ಬೇಡ. ಮೊದಲನೆಯದು ಖಾಲಿ ಹೊಟ್ಟೆಯಲ್ಲಿ ಸಕ್ಕರೆಯನ್ನು ತೀರಾ ಇಳಿಸಬಲ್ಲದು. ಎರಡನೆಯದರಿಂದ, ಮೀಟರಿನಲ್ಲಿ ಸಕ್ಕರೆ ಸರಿಯಿದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಅಪಾಯದ ಮಟ್ಟಕ್ಕೆ ಏರಬಹುದು. ಉಪವಾಸಕ್ಕೆ ಮೊದಲೇ ನಿಮ್ಮ ವೈದ್ಯರಿಂದ ಮಾತ್ರೆ ಬದಲಿಸಿಕೊಳ್ಳಿ. ಸಕ್ಕರೆ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಮುರಿಯಲೇಬೇಕು. ಇಳಿದಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ವಾಂತಿ, ಏದುಸಿರು ಇದ್ದರೆ ಆಸ್ಪತ್ರೆಗೆ.

ಶಿವಮೊಗ್ಗದ ಸದಸ್ಯ: ತಂದೆಗೆ 71. ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ ಮೂರು ತಿಂಗಳು. ದಿನಾ ಲಿಂಗಪೂಜೆ ಮಾಡುತ್ತಿದ್ದವರು ಬಿಟ್ಟಿದ್ದಾರೆ. ‘ಶಿವ ನನ್ನ ಕೈಬಿಟ್ಟ, ಮಾಡಿದ ಕರ್ಮ ಉಣ್ಣಬೇಕು’ ಅಂತಾರೆ. ಎಂಟು ದಿನದಿಂದ ಮಾತ್ರೆಯನ್ನೂ ಮುಟ್ಟಿಲ್ಲ. ಯಾವ ಗುರುಗಳಿಂದ ಬುದ್ಧಿ ಹೇಳಿಸಲಿ?

ವೈದ್ಯರು: ಗುರುಗಳು ಆಮೇಲೆ. ಈವತ್ತೇ ಹೃದಯ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ನಿಂತರೆ ಹೊಸ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು. ಬಿಟ್ಟುಹೋದ ಮಾತ್ರೆಗಳನ್ನು ಲೆಕ್ಕ ಹಾಕಿ ಒಟ್ಟಿಗೆ ನುಂಗಿಸಬೇಡಿ. ಮತ್ತೆ ಎಷ್ಟರಿಂದ ಶುರು ಅನ್ನುವುದನ್ನು ಹೃದಯ ವೈದ್ಯರೇ ಹೇಳಲಿ. ಎದೆನೋವು, ಬೆವರು ಕಂಡರೆ 108.

ಇನ್ನು ನಿಮ್ಮ ತಂದೆಯ ಮಾತು. ದಯವಿಟ್ಟು ಅದನ್ನು ವೇದಾಂತ ಅಂತ ತಳ್ಳಿಹಾಕಬೇಡಿ. ಆಸ್ಪತ್ರೆ ಸೇರಿದ್ದ 596 ಹಿರಿಯರನ್ನು ಸುಮಾರು ಎರಡು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ‘ದೇವರು ನನ್ನ ಕೈಬಿಟ್ಟನೇ’ ಅಂತ ಕೊರಗಿದವರಲ್ಲಿ ಸಾವಿನ ಅಪಾಯ ಶೇ 28 ಹೆಚ್ಚಿತ್ತು. ಕಾಯಿಲೆಯ ತೀವ್ರತೆ, ಖಿನ್ನತೆಯನ್ನು ಲೆಕ್ಕಕ್ಕೆ ತಗೊಂಡ ಮೇಲೂ. ಅಲ್ಲಿ ‘ಸೈತಾನನ ಕೆಲಸ’ ಅನ್ನುವ ಪ್ರಶ್ನೆಯೂ ಇತ್ತು. ನಮ್ಮಲ್ಲಿ ಆ ಜಾಗದಲ್ಲಿ ಕರ್ಮ, ತೀರಿಸದ ಹರಕೆ, ಮನೆದೇವರ ಮುನಿಸು ಬರುತ್ತವೆ. ‘ಕರ್ಮ, ಬಂದದ್ದು ಬರಲಿ, ಮಾತ್ರೆ ಕೊಡು’ ಅನ್ನುವವರೂ ಇದ್ದಾರೆ. ಅವರಿಗೆ ಕರ್ಮವೇ ಧೈರ್ಯ. ನಿಮ್ಮ ತಂದೆಗೆ ಅದು ಶಿಕ್ಷೆಯಾಗಿದೆ. ನನಗೆ ದಿಗಿಲಾಗಿದ್ದು ಅದಕ್ಕೇ.

ವಾದ ಮಾಡಬೇಡಿ. ‘ಯಾವಾಗಿಂದ ಹಾಗನ್ನಿಸ್ತಿದೆ?’ ಅಂತ ಕೇಳಿ ಸುಮ್ಮನೆ ಕೂತ್ಕೊಳ್ಳಿ. ಎರಡು ವಾರದಿಂದ ನಿದ್ದೆ, ಊಟ, ಆಸಕ್ತಿ ಹೋಗಿದೆಯಾ ನೋಡಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದಂದರೆ ಒಬ್ಬರನ್ನೇ ಬಿಡಬೇಡಿ, ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಅವರು ಗೌರವಿಸುವ ಸ್ವಾಮಿಗಳು ಬಂದರೆ ಒಳ್ಳೆಯದೇ. ಬೈಯುವವರು ಬೇಡ.

ತುಮಕೂರಿನ ಸದಸ್ಯ: [ಫಾರ್ವರ್ಡ್] ಓಂಕಾರ 21 ನಿಮಿಷ ಹೇಳಿದರೆ ಬಿಪಿ ಮಾತ್ರೆ ಬಿಡಬಹುದು, ನಿಮ್ಹಾನ್ಸ್ ಸಂಶೋಧನೆ!!

ವೈದ್ಯರು: ಮಾತ್ರೆ ಬಿಡಬಹುದು ಅಂತ ನಿಮ್ಹಾನ್ಸ್ ಅಧ್ಯಯನ ಹೇಳಿಲ್ಲ. 2011ರ ಆ ಅಧ್ಯಯನದಲ್ಲಿ ಇದ್ದವರು ಕೆಲವೇ ಆರೋಗ್ಯವಂತರು. ಓಂ ಹೇಳುವಾಗಿನ ಮೆದುಳಿನ ಸ್ಕ್ಯಾನನ್ನು ‘ಸ್ಸ್’ ಅನ್ನುವಾಗಿನದಕ್ಕೆ ಹೋಲಿಸಿದರು. ಬಿಪಿ ರೋಗಿಗಳೇ ಇರಲಿಲ್ಲ. ಅಳಿಸಿ.

ಬೆಳಗಾವಿಯ ಸದಸ್ಯ: ಎಲ್ಲಾ ಬರೀ ಪ್ಲಸೀಬೊ, ನಂಬಿಕೆಯಿಂದ ಗುಣ ಆದಂತೆ ಅನ್ನಿಸೋದು ಅಷ್ಟೇ. ಜಪ ತಪ ಮಾಡೋರು ಮೂಢರು.

ತುಮಕೂರಿನ ಸದಸ್ಯ: ನಮ್ಮ ಋಷಿಗಳಿಗಿಂತ ನೀವು ದೊಡ್ಡವರೇನ್ರೀ? ನಾಲಿಗೆ ಬಿಗಿ ಹಿಡಿದು ಮಾತಾಡಿ.

ಬೆಳಗಾವಿಯ ಸದಸ್ಯ: ಋಷಿಗಳು ವಾಟ್ಸಾಪಿನಲ್ಲಿ ಬರೆದಿದ್ದರಾ? ಪುರಾವೆ ಹಾಕ್ರಿ.

ವೈದ್ಯರು: ಇಬ್ಬರೂ ತಪ್ಪು. 2001ರಲ್ಲಿ ಇಟಲಿಯಲ್ಲಿ 23 ಆರೋಗ್ಯವಂತರಿಗೆ ಕ್ರೈಸ್ತರ ಜಪಸರದ ಪ್ರಾರ್ಥನೆ ಮತ್ತು ಬೌದ್ಧರ ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ರಕ್ತದೊತ್ತಡ ಹದದಲ್ಲಿಡುವ ನರಗಳ ಪ್ರತಿಕ್ರಿಯೆ ಚುರುಕಾಯಿತು. ಅಂದರೆ ಕೆಲಸ ಮಾಡಿದ್ದು ನಿಧಾನದ ಉಸಿರು. ಜಪ ಮಾಡಿ, ಮಾತ್ರೆ ನುಂಗಿ. ಬಿಪಿ ಮಾತ್ರೆ ಬಿಟ್ಟವರು ಸ್ಟ್ರೋಕ್ ಆಗಿ ಬರುತ್ತಾರೆ. ಅವರಿಗೆ ಫಾರ್ವರ್ಡ್ ಕಳಿಸಿದವರು ಯಾರೂ ಆಸ್ಪತ್ರೆಗೆ ಬಂದು ನಿಲ್ಲುವುದಿಲ್ಲ.



ತುಮಕೂರಿನ ಸದಸ್ಯ: ಡಾಕ್ಟ್ರಿಗೆ ಔಷಧ ಕಂಪನಿ ದುಡ್ಡು ಕೊಡ್ತದೆ, ಹಾಗೇ ಹೇಳ್ತಾರೆ.

ಮೈಸೂರಿನ ಸದಸ್ಯೆ: ಸಾಕು ಮಾಡಿ. ಅಡ್ಮಿನ್, ಇವರನ್ನು ತೆಗೀರಿ.

ಕಲಬುರಗಿಯ ಸದಸ್ಯ: ಸರ್, ಶುಗರ್ ಇದ್ದವರು ಏಕಾದಶಿ ಮಾಡಬಹುದಾ?

ವೈದ್ಯರು: ಮೇಲೆ ಬರೆದಿದ್ದೇನೆ. ಓದಿ.

ಕಲಬುರಗಿಯ ಸದಸ್ಯ: ಇನ್ಸುಲಿನ್ ಇದ್ದರೆ?

ವೈದ್ಯರು: ನಿಮ್ಮ ವೈದ್ಯರನ್ನು ಕೇಳದೆ ಬೇಡವೇ ಬೇಡ. ಶಿವಮೊಗ್ಗದವರು ಎಲ್ಲಿ? ಹೊರಟಿರಾ?

ಶಿವಮೊಗ್ಗದ ಸದಸ್ಯ: ಆಟೋದಲ್ಲಿದ್ದೀವಿ ಸರ್. ತಂದೆ ಮಾತಾಡ್ತಿಲ್ಲ. ಮಾತ್ರೆ ಡಬ್ಬಿ, ಡಿಸ್ಚಾರ್ಜ್ ಕಾಗದ ತಂದಿದ್ದೀನಿ.

ವೈದ್ಯರು: ಕೊನೆಯ ಮಾತ್ರೆ ನುಂಗಿದ ದಿನ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮೊದಲು ಅದನ್ನೇ ಕೇಳುತ್ತಾರೆ.