‘ಸರ್ವರ್ ನಿಂತಿದೆ’ ಎಂದರೆ ಯಾವ ಅರ್ಥ? ‘ನಿಲ್ಲು’, ‘ನಿಲ್ಲಿಸು’ ಬಳಕೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ.

ವೆಬ್ ತಂತ್ರಾಂಶದ ಇಂಟಿಗ್ರೇಶನ್ ಪರೀಕ್ಷೆಗಳನ್ನು (ಅದರ ಭಾಗಗಳೆಲ್ಲ ಒಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡುವ ಪರೀಕ್ಷೆಗಳನ್ನು) ತಾನಾಗಿಯೇ ನಡೆಸುವ ಒಂದು ಸಲಕರಣೆಗೆ ಕನ್ನಡದಲ್ಲಿ ಕೈಪಿಡಿಯನ್ನೂ, ತೆರೆಯ ಮೇಲೆ ಕಾಣುವ ಸಂದೇಶಗಳನ್ನೂ ಬರೆಯುತ್ತಿದ್ದೇನೆ. ಪರೀಕ್ಷೆಗೆ ಮೊದಲು ನಮ್ಮದೇ ಯಂತ್ರದಲ್ಲಿ, 127.0.0.1 ವಿಳಾಸದಲ್ಲಿ, ಒಂದು ಸರ್ವರನ್ನು, ಎಂದರೆ ಬಂದ ಕರೆಗಳಿಗೆ ಉತ್ತರ ಕೊಡುವ ತಂತ್ರಾಂಶವನ್ನು, ಚಾಲೂ ಮಾಡುವುದು, ಅದು ಉತ್ತರ ಕೊಡುವ ಸ್ಥಿತಿಗೆ ಬರುವ ತನಕ ಕಾಯುವುದು, ಪರೀಕ್ಷೆಗಳನ್ನು ಓಡಿಸುವುದು, ಅವು ಪಾಸಾದರೂ ಫೇಲಾದರೂ ಕೊನೆಗೆ ಆ ಸರ್ವರನ್ನು ಮುಚ್ಚುವುದು: ಈ ಸಲಕರಣೆಯ ಕೆಲಸ ಇಷ್ಟೇ. ಈ ಹಂತಗಳಿಗೆ ಕ್ರಿಯಾಪದಗಳನ್ನು ಆರಿಸುವಾಗ ‘ನಿಲ್ಲು’ ಧಾತುವಿನಲ್ಲಿ ಒಂದು ತೊಡಕು ಎದುರಾಗಿದ್ದು, ಅದರ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

‘ಮಳೆ ನಿಂತಿದೆ’ ಎಂದಾಗ ಮಳೆ ಇಲ್ಲ. ‘ನೀರು ನಿಂತಿದೆ’ ಎಂದಾಗ ನೀರು ಇದೆ. ‘ಬಸ್ಸು ನಿಲ್ಲಿಸು’ ಎಂದರೆ ನಡೆಯುತ್ತಿದ್ದುದನ್ನು ತಡೆಯುವುದು, ‘ಕಂಬ ನಿಲ್ಲಿಸು’ ಎಂದರೆ ಇಲ್ಲದಿದ್ದುದನ್ನು ನೆಡುವುದು. ಇವುಗಳಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ಯಾವ ಅರ್ಥ ಎಂಬುದನ್ನು ಜೊತೆಯಲ್ಲಿರುವ ನಾಮಪದವೇ ತೀರ್ಮಾನಿಸುತ್ತದೆ. ಆದರೆ ಸರ್ವರ್ ಎಂಬುದು ಮೋಟಾರಿನಂತೆ ಓಡುವ ವಸ್ತುವೂ ಹೌದು, ಒಂದು ವಿಳಾಸದಲ್ಲಿ ನೆಲೆ ನಿಂತು ಕರೆಗಳಿಗೆ ಓಗೊಡುವ ವಸ್ತುವೂ ಹೌದು; ಹೀಗಾಗಿ ಇಲ್ಲಿ ನಾಮಪದ ನೆರವಿಗೆ ಬರುವುದಿಲ್ಲ. ‘ಪರೀಕ್ಷೆಗೆ ಸರ್ವರ್ ನಿಲ್ಲಿಸಲಾಗಿದೆ’ ಎಂಬ ಸಂದೇಶವನ್ನೇ ನೋಡಿ. ‘ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸಲಾಗಿದೆ’ ಎಂಬ ಜಾಡಿನಲ್ಲಿ ಓದುವವರಿಗೆ ಸರ್ವರ್ ಸಜ್ಜಾಗಿದೆ. ‘ಕಾಮಗಾರಿ ನಿಲ್ಲಿಸಲಾಗಿದೆ’ ಎಂಬ ಜಾಡಿನಲ್ಲಿ ಓದುವವರಿಗೆ ಸರ್ವರ್ ಇಲ್ಲವೇ ಇಲ್ಲ. ‘ಎದ್ದು ನಿಂತಿದೆ’, ‘ನಿಂತುಹೋಗಿದೆ’ ಎಂದು ಬಿಡಿಸಿ ಹೇಳಿದರೆ ಸಂದೇಹ ತೀರುತ್ತದೆ ನಿಜ. ಆದರೆ ‘ನಿಂತುಹೋಗಿದೆ’ ಎಂದ ಕೂಡಲೇ ತಾನಾಗಿ ಕೆಟ್ಟು ನಿಂತಿತು ಎಂಬ ಧ್ವನಿ ಬರುತ್ತದೆ. ನಾವೇ ಬೇಕೆಂದು ಮುಚ್ಚಿದ್ದಕ್ಕೆ ಅದು ಸಲ್ಲದು.

ಈ ಸಂದಿಗ್ಧವನ್ನು ಸಣ್ಣದೆಂದು ಬಿಟ್ಟುಬಿಡುವಂತಿಲ್ಲ. ಹಿಂದಿನ ಸಲದ ಸರ್ವರ್ ಮುಚ್ಚಿಕೊಳ್ಳದೆ 8080ನೇ ಪೋರ್ಟನ್ನು (ಆ ವಿಳಾಸದಲ್ಲಿ ಕರೆಗಳು ಬಂದು ಸೇರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲನ್ನು) ಹಿಡಿದುಕೊಂಡೇ ಉಳಿದಿದೆ ಎಂದಿಟ್ಟುಕೊಳ್ಳಿ. ಹೊಸ ಸರ್ವರಿಗೆ ಆ ಪೋರ್ಟ್ ಸಿಗದೆ ಅದು ಹುಟ್ಟಿದೊಡನೆ ಸಾಯುತ್ತದೆ. ಆದರೆ ಸಲಕರಣೆಯು ಆ ವಿಳಾಸದಿಂದ 200 (‘ಎಲ್ಲ ಸರಿಯಿದೆ’) ಎಂಬ ಉತ್ತರ ಬಂದೀತೇ ಎಂದಷ್ಟೇ ನೋಡುತ್ತಿದ್ದರೆ, ಹಳೆಯ ಸರ್ವರೇ ಆ ಉತ್ತರವನ್ನು ಕೊಟ್ಟುಬಿಡುತ್ತದೆ. ಪರೀಕ್ಷೆಗಳೆಲ್ಲ ನಿನ್ನೆಯ ಕೋಡಿನ ಮೇಲೆ ಓಡಿ ಪಾಸಾಗುತ್ತವೆ, ಇಂದಿನ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. (ಪೋರ್ಟ್ ಸಂಖ್ಯೆಯನ್ನು 0 ಎಂದು ಕೊಟ್ಟರೆ ಖಾಲಿಯಿರುವ ಯಾವುದಾದರೊಂದು ಪೋರ್ಟನ್ನು ಕಾರ್ಯಾಚರಣ ವ್ಯವಸ್ಥೆಯೇ ಆರಿಸಿಕೊಡುವುದರಿಂದ ಈ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ, ಆದರೆ ಎಲ್ಲ ಯೋಜನೆಗಳಲ್ಲೂ ಅದಕ್ಕೆ ಅವಕಾಶವಿರುವುದಿಲ್ಲ.) ಇಂಥ ಹೊತ್ತಿನಲ್ಲಿ ಸಲಕರಣೆಯ ಸಂದೇಶಗಳ ದಾಖಲೆಯನ್ನು (ಲಾಗ್) ತೆರೆದು ನೋಡುವವರಿಗೆ ‘ಹಳೆಯ ಸರ್ವರ್ ನಿಂತಿದೆ’ ಎಂಬ ಸಾಲು ಕಂಡರೆ, ಅದು ಎಚ್ಚರಿಕೆಯೋ ಸಮಾಧಾನವೋ ಎಂದು ಹೇಗೆ ತಿಳಿಯಬೇಕು?

ಆರಂಭದ ಕಡೆಗೂ ಒಂದು ತೊಡಕಿದೆ. ‘ಸರ್ವರ್ ಶುರುವಾಯಿತು’ ಎಂಬ ಒಂದೇ ಮಾತು ಪ್ರೋಸೆಸ್ (ಯಂತ್ರದಲ್ಲಿ ಓಡುತ್ತಿರುವ ತಂತ್ರಾಂಶ) ಹುಟ್ಟಿದ್ದಕ್ಕೂ, ಪೋರ್ಟ್ ತೆರೆದಿದ್ದಕ್ಕೂ, ಡೇಟಾಬೇಸ್ ಸಂಪರ್ಕವೆಲ್ಲ ಕೂಡಿಬಂದು ಉತ್ತರ ಕೊಡಲು ಸಿದ್ಧವಾಗಿದ್ದಕ್ಕೂ ಬಳಕೆಯಾಗುತ್ತಿದೆ. ಪೋರ್ಟ್ ತೆರೆದ ಮೇಲೆ ಹೊರಗಿನ ಸಂಪರ್ಕವನ್ನು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ಒಪ್ಪಿಕೊಂಡು ಸಾಲಿನಲ್ಲಿ ಕೂರಿಸುವುದರಿಂದ, ಸಂಪರ್ಕ ಸಿಕ್ಕಿತೆಂದ ಮಾತ್ರಕ್ಕೆ ಸರ್ವರ್ ಸಿದ್ಧವಾಗಿದೆ ಎನ್ನಲಾಗದು. ಮೂರಕ್ಕೂ ‘ಹುಟ್ಟಿದೆ’, ‘ತೆರೆದಿದೆ’, ‘ಸಜ್ಜಾಗಿದೆ’ ಎಂದು ಬೇರೆಬೇರೆ ಪದಗಳನ್ನು ನಾನು ಗೊತ್ತುಮಾಡಿಕೊಂಡಿದ್ದೇನೆ. ಇವುಗಳಲ್ಲಿ ‘ಸಜ್ಜಾಗಿದೆ’ ಎಂಬುದರ ಬಗ್ಗೆ ನನಗೆ ಸಂಶಯವೇ ಇಲ್ಲ. ‘ಎಬ್ಬಿಸು’ ಎಂಬ ಸಲಹೆಯೂ ಬಂದಿತ್ತು, ‘ಸರ್ವರ್ ಏಳ್ತಾ ಇಲ್ಲ’ ಎಂದು ಮಾತಿನಲ್ಲಿ ಎಲ್ಲರೂ ಹೇಳುವುದೂ ಉಂಟು. ಆದರೆ ಎಬ್ಬಿಸುವುದು ಮಲಗಿರುವುದನ್ನು. ಇಲ್ಲಿ ಪ್ರತಿ ಸಲವೂ ಹೊಸತೊಂದು ಹುಟ್ಟುತ್ತದೆ.

‘ನಿಲ್ಲಿಸು’ ಎನ್ನಬಹುದಾದ ಬಗೆಗಳೂ ಮೂರಿವೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಓಡುವ ಪ್ರೋಸೆಸ್ಸಿಗೆ ಕಳುಹಿಸುವ ಸಿಗ್‌ಟರ್ಮ್ ಸಂಕೇತವು ಕೈಯಲ್ಲಿರುವ ಕೆಲಸವನ್ನು ಮುಗಿಸಿ ಹೊರಡು ಎಂದು ಕೇಳಿಕೊಳ್ಳುತ್ತದೆ, ಸಿಗ್‌ಕಿಲ್ ಏನನ್ನೂ ಕೇಳದೆ ಕೊಲ್ಲುತ್ತದೆ, ಸಿಗ್‌ಸ್ಟಾಪ್ ಇದ್ದಲ್ಲೇ ತಡೆದು ಹಿಡಿಯುತ್ತದೆ ಮತ್ತು ಮುಂದೆ ಸಿಗ್‌ಕಂಟ್ ಬಂದಾಗ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. ‘ನಿಲ್ಲಿಸು’ ಎಂಬ ಪದವನ್ನು ಮೂರಕ್ಕೂ ಹಂಚುವ ಬದಲು ಈ ಕೊನೆಯದಕ್ಕೆ ಮಾತ್ರ ಮೀಸಲಿಟ್ಟು, ಮೊದಲನೆಯದಕ್ಕೆ ‘ಮುಗಿಸು’, ಎರಡನೆಯದಕ್ಕೆ ‘ಕೊಲ್ಲು’ ಎನ್ನಬಹುದೆಂದು ನನಗೆ ತೋರುತ್ತದೆ.

ಆದ್ದರಿಂದ ನಾನು ಕೇಳುವುದು ಇದು. ಗುಂಡಿಯ ಮೇಲೆ ‘ನಿಲ್ಲಿಸು’ ಎಂದು ಬರೆಯುವುದು ಮೊಬೈಲಿನಿಂದ ಯಂತ್ರಗಳವರೆಗೆ ಈಗಾಗಲೇ ರೂಢಿಯಾಗಿರುವಾಗ, ಈ ಒಂದು ಸಲಕರಣೆಯಲ್ಲಿ ಅದನ್ನು ಬಿಟ್ಟು ‘ಮುಗಿಸು’ ಎಂದರೆ ಓದುಗರು ತಡವರಿಸುವರೇ? ಮತ್ತು ‘ನೆಲೆ ನಿಂತಿದೆ’ ಎಂಬ ಅರ್ಥದಲ್ಲಿ ಸರ್ವರಿಗೆ ‘ನಿಂತಿದೆ’ ಎಂದು ನಿಮ್ಮ ಕಡೆಯ ಮಾತಿನಲ್ಲಿ ಯಾರಾದರೂ ಹೇಳುತ್ತಾರೆಯೇ, ಇಲ್ಲವೇ ಅದು ಬರಹದಲ್ಲಷ್ಟೇ ಹುಟ್ಟುವ ಸಂದಿಗ್ಧವೇ? ಆಡುಮಾತಿನ ವಾಕ್ಯಗಳನ್ನು ಕೇಳಿದಂತೆಯೇ ಬರೆದು ಕಳುಹಿಸಿದರೆ ನನಗೆ ಹೆಚ್ಚು ಉಪಯೋಗವಾಗುತ್ತದೆ.