ಧಾರವಾಡ ಆಕಾಶವಾಣಿಯ ನೆಟ್ ಪ್ರಸಾರ ರೆಕಾರ್ಡ್ ಮಾಡೋದು ಹ್ಯಾಂಗ?

ಜಮಖಂಡಿ_ಕೇಳುಗ:
765 ಕಿಲೊಹರ್ಟ್ಸ್ ಹಿಡಿದ್ರ ಎಲ್‌ಇಡಿ ಬಲ್ಬಿನ ಗುರುಗುರು ಸದ್ದೇ ಜಾಸ್ತಿ, ವೆಬ್‌ಸೈಟಿನ ಪ್ರಸಾರ ಮಾತ್ರ ಸ್ವಚ್ಛ ಅದ. ರಾತ್ರಿ ಒಂದು ತಾಸಿನ ಸಂಗೀತ ರೆಕಾರ್ಡ್ ಮಾಡಿಟ್ಟು ಮರುದಿನ ಕೇಳಬೇಕು. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಚ್ಚಿದ್ರ ಫ್ಯಾನಿನ ಸದ್ದೂ ಸೇರಿ ಬರ್ತದ. ವಿಂಡೋಸ್ 10.

ಗುಮ್ಮಟ_ಪ್ರತಿಧ್ವನಿ (ವಿಜಯಪುರ):
ಫ್ಯಾನ್ ಕೇಳಸ್ತದ ಅಂದ್ರ ಅದು ಮೈಕಿನಿಂದ ತಗೋಳಾಕತ್ತದ. ಆಡಾಸಿಟಿಯ ಆಡಿಯೊ ಹೋಸ್ಟ್ ಜಾಗಾದಾಗ ವಿಂಡೋಸ್ ವಸಾಪಿ (WASAPI), ರೆಕಾರ್ಡಿಂಗ್ ಸಾಧನದಾಗ ಸ್ಪೀಕರಿನ ಹೆಸರಿನ ಜೋಡಿ ಲೂಪ್‌ಬ್ಯಾಕ್ ಅಂತ ಇರೋದನ್ನ ಆರಿಸ್ರಿ, ಆಗ ಮೈಕ್ ಬಿಟ್ಟು ಸ್ಪೀಕರಿಗೆ ಹೋಗೋ ಸದ್ದನ್ನೇ ಹಿಡೀತದ. ಸಾಫ್ಟ್‌ವೇರ್ ಪ್ಲೇಥ್ರೂ (ರೆಕಾರ್ಡ್ ಆಗೋದನ್ನ ಮತ್ತ ಸ್ಪೀಕರಿಗೆ ಬಿಡೋದು) ಆಫ್ ಇರ್ಲಿ, ಇಲ್ಲಾಂದ್ರ ಪ್ರತಿಧ್ವನಿ ಸುತ್ತತದ. ಆದ್ರ ವಾಟ್ಸಾಪಿನ ಟಿಂಗ್ ಅನ್ನೋದೂ ಹಾಡಿನಾಗ ಕೂಡ್ತದ. 32 ಬಿಟ್ ಫ್ಲೋಟ್, 44.1 ಕಿಲೊಹರ್ಟ್ಸ್ ಸ್ಟೀರಿಯೊ ಅಂದ್ರ ತಾಸಿಗೆ 1.27 ಜಿಬಿ ಜಾಗ ನುಂಗ್ತದ. ಬ್ಯಾರೆ ದಾರಿ ಇಲ್ಲದಾಗ ಇದು.

ಟಿಳಕವಾಡಿ_ತರಂಗ (ಬೆಳಗಾವಿ):
ಸ್ಪೀಕರಿನ ಗೊಡವೆಯೇ ಬೇಡ, ಪ್ರಸಾರದ ಲಿಂಕನ್ನೇ ಹಿಡಿಯಿರಿ. ಪುಟ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿನ ಫಿಲ್ಟರಿನಲ್ಲಿ ಎಂ3ಯು8 (m3u8, ಪ್ರಸಾರದ ತುಣುಕುಗಳ ಪಟ್ಟಿ) ಎಂದು ಹಾಕಿ, ಆಮೇಲೆ ಪ್ಲೇ ಒತ್ತಿ. ಎರಡು ಸಾಲು ಬಂದರೆ ಮೊದಲಿನದನ್ನು ಕಾಪಿ ಮಾಡಿ. ಕೆಲವು ಸೆಕೆಂಡಿಗೊಮ್ಮೆ ಹುಟ್ಟುವ ಟಿಎಸ್ ಅಥವಾ ಎಎಸಿ ಫೈಲುಗಳು ಬರೀ ತುಣುಕು, ಅವನ್ನು ಮುಟ್ಟಬೇಡಿ.

ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಕಂಟ್ರೋಲ್ ಎನ್ ಒತ್ತಿ ಆ ಲಿಂಕ್ ಅಂಟಿಸಿ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆರಿಸಿದರೆ ಕೆಂಪು ಗುಂಡಿ ಕಾಣುತ್ತದೆ, ಅದೇ ರೆಕಾರ್ಡ್. ಪ್ರಸಾರ 64 ಕೆಬಿಪಿಎಸ್ ಇದ್ದರೆ ತಾಸಿಗೆ 29 ಎಂಬಿ ಸಾಕು. ಅದನ್ನು 320 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಫೈಲ್ ದಪ್ಪವಾಗುತ್ತದೆ, ಧ್ವನಿ ಸುಧಾರಿಸುವುದಿಲ್ಲ. ಲಿಂಕಿನ ಬಾಲದಲ್ಲಿ ಟೋಕನ್ (ತಾತ್ಕಾಲಿಕ ಅನುಮತಿಯ ಗುರುತು) ಇದ್ದರೆ ಅದರ ಅವಧಿ ಮುಗಿದ ಮೇಲೆ ಸಾಯುತ್ತದೆ, ಹೊಸದು ತೆಗೆಯಬೇಕು.

ಜಮಖಂಡಿ_ಕೇಳುಗ:
ಲಿಂಕ್ ಸಿಕ್ತು. ಎಫ್‌ಎಫ್‌ಎಂಪೆಗ್ (ffmpeg) ಅನ್ನೋ ಆದೇಶ ಬರದು ನಡೆಸೋ ಟೂಲಿನಾಗ ಎಂ4ಎ ಫೈಲ್ ಮಾಡಾಕ ಹಚ್ಚಿದ್ದೆ. 41ನೇ ನಿಮಿಷಕ್ಕ ಕಂಪ್ಯೂಟರ್ ಬಂದಾತು. 'ಮೂವ್ ಆಟಮ್ ನಾಟ್ ಫೌಂಡ್' ಅಂತದ, ಫೈಲ್ ತೆರಿಯಂಗಿಲ್ಲ.

ಮುಧೋಳ_ವೈರು:
ಎಂ4ಎ ಫೈಲಿನ ವಿಷಯಸೂಚಿ ಇದ್ದಂಗ ಆ ಮೂವ್ ಆಟಮ್. ಅದನ್ನ ಕಟ್ಟಕಡೀಗೆ ಬರೀತದ. ನಡುವ ಕರೆಂಟ್ ಹೋದ್ರ ಸೂಚಿನೇ ಇಲ್ಲ, ಹಾಡು ಇದ್ದೂ ಇಲ್ಲದಂಗ. ಅದೇ ಸೆಟ್ಟಿಂಗಿನ ಇನ್ನೊಂದು ಚಲೋ ಫೈಲ್ ಇದ್ರ ಅನ್‌ಟ್ರಂಕ್ ಅನ್ನೋ ಟೂಲ್ ಕೊಟ್ಟು ನೋಡ್ರಿ, ಕೆಲವೊಮ್ಮೆ ಬದುಕ್ತದ.

ಇನ್ಮ್ಯಾಲ ಫೈಲಿನ ಹೆಸರಿಗೆ ಟಿಎಸ್ ಇಲ್ಲಾ ಬರೀ ಎಎಸಿ ವಿಸ್ತರಣೆ ಇಡ್ರಿ, ಎಲ್ಲಿ ನಿಂತ್ರೂ ಅಲ್ಲೀತನಕ ಕೇಳಸ್ತದ. ಕೋಡೆಕ್ ಜಾಗಾದಾಗ ಕಾಪಿ ಅಂತ ಕೊಡ್ರಿ, ಬಂದ ಧ್ವನಿ ಬದಲಾಗದ ಹಂಗ ಉಳೀತದ. ಸೆಗ್ಮೆಂಟ್ ಫಾರ್ಮ್ಯಾಟ್ ಆರಿಸಿ 900 ಸೆಕೆಂಡ್ ಕೊಟ್ರ ಕಾಲು ತಾಸಿಗೊಂದು ಫೈಲ್ ಆಗ್ತದ. ಎಂ3ಯು8 ಅಲ್ಲದ ನೇರ ಎಂಪಿ3 ಪ್ರಸಾರಕ್ಕ ಕಡಿದದ್ದನ್ನ ಮತ್ತ ಜೋಡಿಸೋ ರೀಕನೆಕ್ಟ್ ಆಯ್ಕೆ ಬೇಕಾಗ್ತದ. ಅದನ್ನ ಲಿಂಕಿಗಿಂತ ಮೊದಲ ಬರೀರಿ, ಲಿಂಕಾದ ಮ್ಯಾಲ ಬರದ್ರ ಕೆಲಸ ಮಾಡಂಗಿಲ್ಲ.

ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡೋ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಒಳಗ ಎರಡು ನಿಮಿಷ ಮೊದಲ ಶುರು ಮಾಡಿ, ರೆಕಾರ್ಡಿಂಗ್ ಅವಧಿ 3900 ಸೆಕೆಂಡ್ ಇಡ್ರಿ, ನೆಟ್ ಪ್ರಸಾರ ರೇಡಿಯೋಕಿಂತ ಹಿಂದ ಬೀಳ್ತದ. ಕಂಡಿಶನ್ಸ್ ಟ್ಯಾಬಿನಾಗ ಕಂಪ್ಯೂಟರ್ ಎಬ್ಬಿಸೋ ಚೌಕಕ್ಕ ಟಿಕ್ ಹಾಕ್ರಿ, 'ಕರೆಂಟಿನ ಮ್ಯಾಲಿದ್ರ ಮಾತ್ರ' ಅನ್ನೋ ಟಿಕ್ ತಗೀರಿ. ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ನಡೀತದ ಖರೆ, ರೂಟರ್ ಸತ್ರ ಏನ್ ಮಾಡ್ತೀರಿ? ಅದರ ಅಡಾಪ್ಟರಿನ ಮ್ಯಾಲ ವೋಲ್ಟ್, ಆಂಪ್ ಓದ್ಕೊಂಡು ಅಷ್ಟಕ್ಕ ಹೊಂದೋ ಸಣ್ಣ ಯುಪಿಎಸ್ ತಗೋರಿ.

ಟಿಳಕವಾಡಿ_ತರಂಗ:
ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ಪ್ರಸಾರವನ್ನು ಸ್ವಂತಕ್ಕಾಗಿ ಧ್ವನಿಮುದ್ರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಗ್ರೂಪಿಗೆ ಹಾಕಿದರೆ ಅದು ಸ್ವಂತಕ್ಕಲ್ಲ.