ಕಾರವಾರ: ಸೇಲಿಂಗ್ ಮುಗಿಸಿ ಬಂದ ಗಂಡನನ್ನು ಬೇಸಿಗೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ? (ಬೀಚ್ ಬೇಡವಂತೆ)

ಧಾರವಾಡ ಪೇಢಾ

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಆಗಬಹುದು, ಬೈಕೋಬೇಡಿ.

ನಾನು ಧಾರವಾಡದವಳು, ಕಾರವಾರಕ್ಕೆ ಬಂದು ಒಂದೂವರೆ ವರ್ಷ. ನಮ್ಮವರು ನೇವಿಯಲ್ಲಿ ಪೆಟಿ ಆಫೀಸರ್, ಇಂಜಿನ್ ರೂಮಿನ ಕೆಲಸ, ಊರು ಬೈಲಹೊಂಗಲದ ಕಡೆ. ಮದುವೆಯಾಗಿ ಎರಡು ವರ್ಷ. ಆದರೆ ನಾನು ಗಣಿತದ ಟೀಚರ್ ನೋಡಿ, ಒಂದು ದಿನ ಕೂತು ಕ್ಯಾಲೆಂಡರ್ ಎಣಿಸಿದೆ. ಒಂದೇ ಸೂರಿನ ಕೆಳಗೆ ಇದ್ದದ್ದು 211 ದಿನ. ಹಡಗು ಬಂದರಿನಲ್ಲಿದ್ದಾಗಲೂ ನಾಲ್ಕು ದಿನಕ್ಕೊಂದು ರಾತ್ರಿ ಅಲ್ಲೇ ಡ್ಯೂಟಿ ಇರುತ್ತದೆ. ಅದನ್ನು ಇನ್ನೂ ಕಳೆದಿಲ್ಲ.

ಸೇಲಿಂಗ್ ಮುಗಿಸಿ ಬಂದಾಗ ಸಿಗುವುದು ಹತ್ತೋ ಹದಿನೈದೋ ದಿನ. ಹೋದ ಬೇಸಿಗೆಯಲ್ಲಿ ಹಾಗೇ ಬಂದರು. ನನಗೂ ಶಾಲೆ ರಜೆ. ಬಯಲುಸೀಮೆಯವಳಿಗೆ ಸಮುದ್ರ ಅಂದರೆ ಈಗಲೂ ಹುಚ್ಚು. ನೋಟ್‌ಬುಕ್ಕಿನಲ್ಲಿ ಟೈಮ್‌ಟೇಬಲ್ಲೇ ಹಾಕಿದ್ದೆ. ಮೊದಲ ದಿನ ಗೋಕರ್ಣ, ಎರಡನೇ ದಿನ ಮುರ್ಡೇಶ್ವರ, ಮೂರನೇ ದಿನ ದೇವಬಾಗ, ನಾಲ್ಕನೇ ದಿನ ಮಾಜಾಳಿ ದಾಟಿ ತಿಳಮಾತಿ. ಅಲ್ಲಿನ ಮರಳು ಎಳ್ಳು ಚೆಲ್ಲಿದ ಹಾಗೆ ಕಪ್ಪಗಿದೆಯಂತೆ, ನೋಡಲೇಬೇಕು ಅಂತ ಕೆಂಪು ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದೆ.

ಗೋಕರ್ಣದ ಓಂ ಬೀಚಿನಲ್ಲಿ ಇವರು ಸಮುದ್ರಕ್ಕೆ ಬೆನ್ನು ಹಾಕಿ ಕೂತರು. ಫೋಟೋಗೆ ಇರಬೇಕು ಅಂದುಕೊಂಡೆ. ನೋಡಿದರೆ ಕೂತಲ್ಲೇ ನಿದ್ದೆ. ಮಾರನೇ ದಿನ ಮುರ್ಡೇಶ್ವರದಲ್ಲಿ, 123 ಅಡಿ ಶಿವನ ಕಣ್ಣೆದುರು, ನೆತ್ತಿ ಸುಡುವ ಬಿಸಿಲಲ್ಲಿ ನಮ್ಮ ಜಗಳ. "ಎಪ್ಪತ್ತು ದಿನ ನೀರ ನೋಡಿ ಬಂದೀನಿ, ಮತ್ತ ನೀರ ತೋರಸ್ತಿಯಲ್ಲ" ಅಂದರು. "ನಾನೂ ಎಪ್ಪತ್ತು ದಿನ ಗ್ವಾಡಿ ನೋಡೀನಿ" ಅಂದೆ. ದೇವಬಾಗ, ತಿಳಮಾತಿ ಎರಡೂ ನೋಟ್‌ಬುಕ್ಕಿನಲ್ಲೇ ಉಳಿದವು.

ಮನೆಯೊಳಗಿನದು ಇನ್ನೊಂದು ಕಥೆ. ರಾತ್ರಿ ಮಲಗುವ ಮುಂಚೆ ಇವರು "ರೌಂಡ್ಸ್" ಹೋಗುತ್ತಾರೆ. ಗ್ಯಾಸ್, ನಲ್ಲಿ, ಕಿಟಕಿ, ಚಿಲಕ, ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡಬೇಕು. ಹೋದ ಸಲ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ ಚೀಟಿ ಅಂಟಿಸಿದರು. ಗುರೆಳ್ಳು ಪುಡಿಗೆ "ಕಪ್ಪು ಪುಡಿ" ಅಂತ ಚೀಟಿ! ಇವರು ಹೊರಟು ಹೋದ ಮೇಲೆ ಮೂರು ದಿನ ನಾನು ಜೀರಿಗೆ ಹುಡುಕಿದೆ. ಸಿಲಿಂಡರ್, ಸ್ಕೂಟರ್ ಸರ್ವಿಸ್, ಇನ್ಶೂರೆನ್ಸ್ ಕಂತು, ಎಲ್ಲ ನಾನೇ ನೋಡಿಕೊಂಡಿರುತ್ತೇನೆ. ಬಂದ ಕೂಡಲೇ ಒಂದೊಂದಕ್ಕೂ "ಹಿಂಗ್ಯಾಕ, ಹಂಗ್ಯಾಕ". ಮರುಕ್ಷಣವೇ ನೆಂಟರ ಹಾಗೆ ನಿಂತು "ಉಪ್ಪು ಎಲ್ಲೈತಿ?" ಈ ಎರಡನೆಯದು ಕೇಳಿದರೆ ಯಾಕೋ ಜಾಸ್ತಿ ಬೇಜಾರು.

ಈ ಬೇಸಿಗೆಯಲ್ಲೂ ಸ್ವಲ್ಪ ದಿನ ಮನೆಯಲ್ಲಿರುತ್ತಾರೆ. ಸಮುದ್ರ ಕಾಣದ, ನೆರಳಿರುವ, ಬೈಕಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಂಥ ಜಾಗ ಯಾವುದಿದೆ? ಮತ್ತೆ, ಇದೇ ಬಾಳು ಬಾಳಿದವರು ಯಾರಾದರೂ ಇದ್ದರೆ, ಬಂದ ಮೊದಲ ನಾಲ್ಕು ದಿನ ಹೇಗೆ ದಾಟಿಸಿದಿರಿ ಅಂತ ಹೇಳಿ.

ಪಕ್ಕದ ಕ್ವಾರ್ಟರ್ಸ್

ತಂಗಿ, ಹಡಗಿನ ಹೆಸರು, ಬರುವ ಹೋಗುವ ತಾರೀಖು ಇಲ್ಲಿ ಹಾಕಿಲ್ಲ, ಒಳ್ಳೆಯದು ಮಾಡಿದೆ. ಯಾರು ಎಷ್ಟು ಪ್ರೀತಿಯಿಂದ ಕೇಳಿದರೂ ಹಾಕಬೇಡ. 2019ರ ಡಿಸೆಂಬರ್‌ನಲ್ಲಿ ಬೇಹುಗಾರಿಕೆ ಕೇಸಿನಲ್ಲಿ ನೇವಿಯವರೇ ಕೆಲವರು ಸಿಕ್ಕಿಬಿದ್ದ ಮೇಲೆ ಹಡಗಲ್ಲಿ, ಬೇಸಲ್ಲಿ ಸ್ಮಾರ್ಟ್‌ಫೋನು, ಫೇಸ್‌ಬುಕ್ಕು ಎರಡಕ್ಕೂ ಬೀಗ ಹಾಕಿದ್ದು ಸುಮ್ನೆ ಅಲ್ಲ.

ಕಪ್ಪು ಪುಡಿ ಓದಿ ನಕ್ಕು ನಕ್ಕು ಸಾಕಾಯಿತು.

ಅಂಕೋಲೆ ಮೇಷ್ಟ್ರು

ನಾನು ನೇವಿಯವನಲ್ಲ. ಸೀಬರ್ಡ್‌ಗೆ, ಅಂದರೆ ಇಲ್ಲಿನ ನೌಕಾನೆಲೆಗೆ, ಜಾಗ ಬಿಟ್ಟುಕೊಟ್ಟ ಮನೆತನದವನು. 1986ರಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದಾಗ ಹೈಸ್ಕೂಲು ಹುಡುಗ. ಬೇಸ್ ಶುರುವಾಗಿದ್ದು 2005ರಲ್ಲಿ. ನಾವು ಬಲೆ ಒಣಗಿಸುತ್ತಿದ್ದ ದಂಡೆ ಈಗ ನಿಮ್ಮವರ ಬೇಲಿಯ ಒಳಗಿದೆ. ಆ ಕಥೆ ಇನ್ನೊಂದು ದಿನ. ನಮಗೆ ಸಮುದ್ರ ಕಾಣಿಸದಿದ್ದರೆ ಊಟ ಸೇರುವುದಿಲ್ಲ, ಅದಕ್ಕೇ ನಿಮ್ಮ ಯಜಮಾನರು ಅರ್ಥವಾಗುವುದು ಕಷ್ಟ. ಇರಲಿ, ಜಾಗ ಹೇಳುತ್ತೇನೆ.

ಯಾಣ. ಬೆಳಿಗ್ಗೆ ಬೇಗ ಹೊರಡಿ, ಬಿಸಿಲೇರುವ ಮುಂಚೆ ಕಾಡಿನೊಳಗೆ ಇರಬೇಕು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಡುಗಪ್ಪು. ಬಂಡೆಯ ಸಂದಿನಲ್ಲಿ ನಿಂತರೆ ಮೇ ತಿಂಗಳಲ್ಲೂ ತಂಪು. ಮೇಲೆ ಹೆಜ್ಜೇನು ಕಟ್ಟಿರುತ್ತವೆ, ಕೂಗಾಡಬೇಡಿ. ಅಲ್ಲೇ ಹತ್ತಿರ ವಿಭೂತಿ ಜಲಪಾತ ಇದೆ ಅಂತ ಎಲ್ಲರೂ ಹೇಳುತ್ತಾರೆ. ಬೇಸಿಗೆಯಲ್ಲಿ ನೀರು ತೀರ ಕಡಿಮೆ, ಹೋಗದಿದ್ದರೂ ನಷ್ಟವಿಲ್ಲ. ಕುಮಟಾ ಕಡೆ ಬಂದರೆ ಮಿರ್ಜಾನ್ ಕೋಟೆ, ಆದರೆ ಮಧ್ಯಾಹ್ನ ಬೇಡ, ಒಳಗೆ ನೆರಳು ಕಮ್ಮಿ.

ಬರುವಾಗ ಅಂಕೋಲೆಯಲ್ಲಿ ಬೈಕ್ ನಿಲ್ಲಿಸಲೇಬೇಕು. ರಸ್ತೆ ಬದಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಇಶಾಡು ಮಾವಿನಹಣ್ಣು ಇಟ್ಟುಕೊಂಡು ಕೂತಿರುತ್ತಾರೆ. ಕರಿ ಇಶಾಡು ಕೇಳಿ ತೆಗೆದುಕೊಳ್ಳಿ. ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿ ಇಶಾಡಿನ ಸಿಪ್ಪೆ ದಪ್ಪ, ಸಿಹಿಯೂ ಅಷ್ಟಿಲ್ಲ. 2023ರಲ್ಲಿ ಕರಿ ಇಶಾಡಿಗೆ ಜಿಐ ಟ್ಯಾಗ್ ಸಿಕ್ಕಿತು, ಅದಕ್ಕೂ ಮೊದಲೇ ನಮಗೆ ಅದರ ಬೆಲೆ ಗೊತ್ತಿತ್ತು ಅನ್ನಿ. ಜಾಸ್ತಿ ದಿನ ಇಟ್ಟುಕೊಳ್ಳುವ ಹಣ್ಣಲ್ಲ. ಚೌಕಾಸಿ ಮಾಡಬೇಡಿ.

ಇನ್ನೊಂದು. ನೀವಿಬ್ಬರೂ ಧಾರವಾಡ, ಬೈಲಹೊಂಗಲದ ಕಡೆಯವರು, ಚನ್ನಬಸವಣ್ಣನ ಉಳವಿಗೆ ಹೋಗಿಲ್ಲವೇ? ಕಾರವಾರದಿಂದ ಕದ್ರಾ ಮೇಲೆ, ಅಣಶಿ ಘಟ್ಟ ಹತ್ತಿ, ಕುಂಬಾರವಾಡದಲ್ಲಿ ತಿರುಗಿದರೆ ಉಳವಿ. ದಾರಿಯುದ್ದ ಕಾಡು. ಒಂದು ಹನಿ ಉಪ್ಪುನೀರು ಕಾಣಿಸಿದರೆ ನನ್ನನ್ನು ಕೇಳಿ.

ಮಿಡಲ್ ವಾಚ್

ಅಕ್ಕ, ನಾನೂ ಇಂಜಿನ್ ರೂಮಿನವನೇ, ಊರು ಹಾವೇರಿ. ಗುಟ್ಟು ರಟ್ಟು ಮಾಡುತ್ತೇನೆ, ಅಣ್ಣ ಕ್ಷಮಿಸಲಿ. "ನೀರ ನೋಡಿ ಬಂದೀನಿ" ಅನ್ನುವುದು ಶುದ್ಧ ಸುಳ್ಳು. ನಮ್ಮ ಜಾಗ ನೀರಿನ ಮಟ್ಟಕ್ಕಿಂತ ಕೆಳಗೆ. ಕಿಟಕಿ ಇಲ್ಲ. ಶೆಕೆ, ಎಣ್ಣೆ ವಾಸನೆ, ಕಿವಿಗೆ ಮುಚ್ಚಳ ಹಾಕಿದರೂ ಎದೆಯೊಳಗೆ ಗುಂಯ್ ಅನ್ನುವ ಸದ್ದು. ಎಷ್ಟೋ ದಿನ ಸಮುದ್ರ ಕಣ್ಣಿಗೇ ಬೀಳುವುದಿಲ್ಲ.

ಅವರಿಗೆ ಸಾಕಾಗಿರುವುದು ಎಚ್ಚರ. ನಾಲ್ಕು ನಾಲ್ಕು ಗಂಟೆಯ ವಾಚು, ಅಂದರೆ ಡ್ಯೂಟಿ ಪಾಳಿ. ರಾತ್ರಿ 8ರಿಂದ 12 ಫಸ್ಟ್, 12ರಿಂದ 4 ಮಿಡಲ್, 4ರಿಂದ 8 ಮಾರ್ನಿಂಗ್. ಸಂಜೆಯದನ್ನು ಮಾತ್ರ ಎರಡೆರಡು ಗಂಟೆಗೆ ಒಡೆದಿರುತ್ತಾರೆ, ಡಾಗ್ ವಾಚ್ ಅಂತ. ದಿನಾ ಅದೇ ಮನುಷ್ಯನಿಗೆ ಅದೇ ಹೊತ್ತು ಬರದಿರಲಿ ಅಂತ ಆ ಲೆಕ್ಕ. ನ್ಯಾಯ ಸರಿಯೇ, ಆದರೆ ನಿದ್ದೆಗೆ ನ್ಯಾಯ ಅರ್ಥವಾಗುವುದಿಲ್ಲ. ಇವತ್ತು ಮಲಗಿದ ಹೊತ್ತಿಗೆ ನಾಳೆ ಎದ್ದಿರಬೇಕು. ಮನೆಗೆ ಬಂದರೂ ಮೈ ಅದೇ ಗಡಿಯಾರದಲ್ಲಿರುತ್ತದೆ. ಮೊದಮೊದಲು ನೆಲವೂ ತೂಗಿದ ಹಾಗೆ ಆಗುತ್ತದೆ, ಬಚ್ಚಲಲ್ಲಿ ಕಣ್ಣು ಮುಚ್ಚಿ ಸೋಪು ಹಚ್ಚಿಕೊಂಡರೆ ಗೋಡೆ ಹಿಡಿಯಬೇಕು.

ರೌಂಡ್ಸ್‌ಗೆ ನಗಬೇಡಿ. ಹಡಗಿನಲ್ಲಿ ಒಂದು ವಾಲ್ವ್ ಸೋರಿದರೆ, ಒಂದು ಡಬ್ಬಿ ಸಡಿಲ ಇದ್ದರೆ ಏನಾಗುತ್ತದೆ ಅಂತ ಕೈಗೇ ಕಲಿಸಿರುತ್ತಾರೆ. ಆ ಕೈ ಮನೆಗೂ ಬರುತ್ತದೆ. ಕಪ್ಪು ಪುಡಿಗೆ ಮಾತ್ರ ನನ್ನ ಹತ್ತಿರ ಸಮರ್ಥನೆ ಇಲ್ಲ.

ಉಡುಪಿ ಅಜ್ಜಿ

ಮಗಳೇ, ನಮ್ಮವರು 24 ವರ್ಷ ನೇವಿಯಲ್ಲಿದ್ದು ರಿಟೈರ್ ಆದವರು. ಮುಂಬೈ, ವೈಜಾಗ್, ಮತ್ತೆ ಮುಂಬೈ. ಆಗ ವಿಡಿಯೊ ಕಾಲ್ ಎಲ್ಲಿ? ಹಡಗು ಎಲ್ಲೇ ಇರಲಿ, ನಮಗೆ ಗೊತ್ತಿದ್ದ ವಿಳಾಸ ಒಂದೇ, ಮುಂಬೈಯ ಫ್ಲೀಟ್ ಮೇಲ್ ಆಫೀಸ್, ನೇವಿಯ ಅಂಚೆ ಕಚೇರಿ. ಕಾಗದ ಹಿಂದೆ ಮುಂದೆ ತಲುಪುತ್ತದೆ ಅಂತ ಲಕೋಟೆ ಮೇಲೆ ನಂಬರ್ ಹಾಕುತ್ತಿದ್ದೆ. ಒಮ್ಮೆ 14ನೇದು ಮೊದಲು ಸಿಕ್ಕಿ, 11ನೇದು ಮೂರು ವಾರದ ಮೇಲೆ ಸಿಕ್ಕಿತು. 14ರಲ್ಲಿ "ಮಗು ಈಗ ಹುಷಾರಾಗಿದೆ" ಅಂತ ಬರೆದಿದ್ದೆ. ಹುಷಾರಿಲ್ಲ ಅಂತ ಬರೆದದ್ದು 11ರಲ್ಲಿ. ಆ ಮೂರು ವಾರ ಅವರು ಪಟ್ಟ ಪಾಡು ನನಗೆ ಗೊತ್ತಾಗಿದ್ದು ಆಮೇಲೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಬಂದ ಮೂರು ದಿನ ಎಲ್ಲಿಗೂ ಬೇಡ. ನಿನ್ನ ತವರಿನವರೂ ಬೇಡ, ಅತ್ತೆ ಮನೆಯವರೂ ಬೇಡ. ಅತ್ತೆಗೆ ಬೇಜಾರಾಗುತ್ತದೆ, ಆಗಲಿ. ವರ್ಷಕ್ಕೆ 60 ದಿನ ಆನ್ಯುಯಲ್ ಲೀವ್ ಅಂತ ಇರುತ್ತದೆ, ಊರಿಗೆ ಅದನ್ನು ಇಟ್ಟುಕೊಳ್ಳಿ. ಈ ಸಣ್ಣ ರಜೆ ನಿಮ್ಮಿಬ್ಬರದು. ಮಲಗಿದರೆ ಎಬ್ಬಿಸಬೇಡ, ಮಧ್ಯಾಹ್ನ ಮೂರಕ್ಕೆ ತಿಂಡಿ ಕೇಳಿದರೆ ತಿಂಡಿ. ನೀನು ಎಚ್ಚರ ಇಟ್ಟುಕೊಂಡು ಕಾಯುವುದೂ ಬೇಡ, ನಿನ್ನ ಪಾಡಿಗೆ ಮಲಗು.

ಮನೆಯಲ್ಲಿ ಏನಾದರೂ ಕೆಟ್ಟರೆ ರಿಪೇರಿ ಮಾಡಿಸದೆ ಹಾಗೇ ಇಟ್ಟಿರು. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಏನಾದರೂ. ನಾನು ಎಲ್ಲವನ್ನೂ ಚೊಕ್ಕ ಮಾಡಿ ಇಡುತ್ತಿದ್ದೆ, ಅವರಿಗೆ ನೆಮ್ಮದಿ ಸಿಗಲಿ ಅಂತ. ಒಂದು ಸಲ ಅವರು "ಈ ಮನೆಗೆ ನಾನು ಬೇಕಾ?" ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅವತ್ತಿನಿಂದ ಒಂದು ಕೆಟ್ಟ ಸಾಮಾನು ಸದಾ ಅಟ್ಟದ ಮೇಲೆ.

ಅಡುಗೆಮನೆ ಮಾತ್ರ ನಿನ್ನದು, ಅದನ್ನು ಬಾಯಿಬಿಟ್ಟು ಹೇಳಿಬಿಡು. ಉಪ್ಪು ಎಲ್ಲಿದೆ ಅಂತ ಕೇಳಿದರೆ ಅಳಬೇಡ. ನಮ್ಮ ದೊಡ್ಡ ಮಗ ಎರಡು ವರ್ಷದವನಿದ್ದಾಗ ಅವರನ್ನು ಬಾಗಿಲಲ್ಲಿ ನೋಡಿ "ಮಾಮ" ಅಂದಿದ್ದ. ಉಪ್ಪು ಅದಕ್ಕಿಂತ ಸಣ್ಣದು.

ಧಾರವಾಡ ಪೇಢಾ

ಎಲ್ಲರಿಗೂ ತಡವಾಗಿ ಉತ್ತರ. ಶಾಲೆ ಮತ್ತೆ ಶುರುವಾಗಿದೆ, ಇವರೂ ಹೋಗಿಯಾಯಿತು.

ಅಜ್ಜಿ, ನೀವು ಹೇಳಿದ ಹಾಗೆ ಮೂರು ದಿನ ಸುಮ್ಮನಿದ್ದೆ. ಅತ್ತೆಗೆ ಫೋನ್ ಮಾಡಿ "ಸೋಮವಾರ ಬರ್ರಿ" ಅಂದೆ, ಸ್ವಲ್ಪ ಮುನಿಸಿಕೊಂಡರು. ಮೂರನೇ ರಾತ್ರಿ ನಾಲ್ಕು ಗಂಟೆಗೆ ಎಚ್ಚರವಾದರೆ ಅಡುಗೆಮನೆಯಲ್ಲಿ ದೀಪ. ಇವರು ಕೆಟ್ಟ ಮಿಕ್ಸರ್ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದರು. ಎರಡು ಕಪ್ ಚಹಾ ಮಾಡಿಟ್ಟಿದ್ದರು, ನನ್ನದು ಆರಿ ತಣ್ಣಗಾಗಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲವಂತೆ. "ಇಂಜಿನ್ ರೂಮಿನ್ಯಾಗ ನೀರು ಕಾಣೂದ ಇಲ್ಲಂತಲ್ರೀ?" ಅಂತ ಕೇಳಿದೆ. "ಯಾಂವ ಹೇಳಿದಾಂವ?" ಅಂದರು. ಮಿಡಲ್ ವಾಚ್ ಅವರೇ, ನಿಮ್ಮ ಹೆಸರು ಗೊತ್ತಿಲ್ಲದ್ದು ನಿಮ್ಮ ಪುಣ್ಯ.

ಯಾಣಕ್ಕೆ ಹೋಗಲಿಲ್ಲ. ಉಳವಿಗೆ ಹೋದೆವು. ಬೆಳಕು ಹರಿಯುವ ಮುಂಚೆ ಹೊರಟೆವು. ನಮ್ಮ ಅಜ್ಜಿ ಸಣ್ಣವಳಿದ್ದಾಗ ಉಳವಿ ಜಾತ್ರೆಗೆ ಧಾರವಾಡದಿಂದ ಚಕ್ಕಡಿಯಲ್ಲಿ ಹೋಗಿದ್ದಳಂತೆ. ದಾರಿಯುದ್ದ ಕಟಕರೊಟ್ಟಿ, ಶೇಂಗಾ ಚಟ್ನಿ. ನಾನೂ ಅದನ್ನೇ ಕಟ್ಟಿಕೊಂಡಿದ್ದೆ. ಅಣಶಿ ಘಟ್ಟದ ಒಂದು ತಿರುವಿನಲ್ಲಿ ಇವರು ಬೈಕ್ ಆಫ್ ಮಾಡಿದರು. ಪಂಕ್ಚರ್ ಅಂದುಕೊಂಡೆ. "ಏನೂ ಇಲ್ಲ, ಕೇಳು" ಅಂದರು. ಕೇಳಿದೆ. ಏನೂ ಕೇಳಿಸಲಿಲ್ಲ. "ಅದ" ಅಂದರು. ಹತ್ತು ನಿಮಿಷ ಅಲ್ಲೇ ಕಲ್ಲಿನ ಮೇಲೆ ಕೂತೆವು. ನಾನು ಮಾತಾಡದೆ ಕೂತದ್ದು ನಮ್ಮವ್ವ ನೋಡಿದ್ದರೆ ನಂಬುತ್ತಿರಲಿಲ್ಲ. ಉಳವಿಯಲ್ಲಿ ಚನ್ನಬಸವಣ್ಣನ ಗುಡಿಯಲ್ಲಿ ಜನ ಕಡಿಮೆ ಇದ್ದರು, ಪ್ರಸಾದ ಉಂಡು ಅಲ್ಲೇ ಪಡಸಾಲೆಯಲ್ಲಿ ಇವರು ಒಂದು ಗಂಟೆ ಮಲಗಿದರು. ಈ ಸಲ ಸಿಟ್ಟು ಬರಲಿಲ್ಲ.

ಮೇಷ್ಟ್ರೇ, ಅಂಕೋಲೆಗೆ ಬರೀ ಹಣ್ಣಿಗೋಸ್ಕರ ಬೇರೆ ದಿನ ಹೋದೆವು. ಚೌಕಾಸಿ ಮಾಡಲಿಲ್ಲ. ನಿಮ್ಮ ದಂಡೆಯ ಕಥೆ ಬರೆಯಿರಿ, ಇವರೂ ಓದಬೇಕು ಅಂದರು.

ಹೊರಡುವ ಹಿಂದಿನ ಸಂಜೆ ಇವರೇ ಟ್ಯಾಗೋರ್ ಬೀಚಿಗೆ ಕರೆದುಕೊಂಡು ಹೋದರು. ದಡದಲ್ಲಿ ಚಪಲ್ ಹಡಗು ಇದೆಯಲ್ಲ, ಮ್ಯೂಸಿಯಂ ಮಾಡಿರುವುದು, ಒಳಗೆ ನೋಡೋಣ ಅಂದೆ. "ದುಡ್ಡು ಕೊಟ್ಟು ಹಡಗು ಹತ್ತಬೇಕಾ?" ಅಂದರು. ಹೊರಗೇ ಕೂತು ಚುರುಮುರಿ ತಿಂದೆವು. ಸಮುದ್ರಕ್ಕೆ ಮುಖ ಮಾಡಿಯೇ ಕೂತಿದ್ದರು, ನಾನು ಗಮನಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಡಬ್ಬಿ ಹಳೇ ಜಾಗಕ್ಕೇ ಬಂದಿವೆ. ಗುರೆಳ್ಳಿನ ಮೇಲೆ ಮಾತ್ರ ಚೀಟಿ ಹಾಗೇ ಬಿಟ್ಟಿದ್ದೇನೆ. ಫ್ರೀಜರಿನಲ್ಲಿ ಇಶಾಡಿನ ರಸ ಎರಡು ಡಬ್ಬಿ ಇದೆ, ಅವರು ಬರುವ ತನಕ ಉಳಿಸಬೇಕು ಅಂತ ಇದೆ. ದೇವಬಾಗಕ್ಕೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ, ಅದನ್ನು [ಇಲ್ಲಿದ್ದ ಒಂದು ಪದ ಅಳಿಸಿದ್ದೇನೆ].

ಪಕ್ಕದ ಕ್ವಾರ್ಟರ್ಸ್

ತಂಗಿ, ಕೊನೇ ಸಾಲಿನಲ್ಲಿ ತಿಂಗಳು ಬರೆದಿದ್ದೀಯ! ಈಗಲೇ ಅಳಿಸು.

ಧಾರವಾಡ ಪೇಢಾ

ಅಯ್ಯ ಶಿವನೇ. ಅಳಿಸಿದೆ ಅಕ್ಕ. ಒಂದು ಡಬ್ಬಿ ರಸ ನಿಮಗೆ, ಸಂಜೆ ಬನ್ನಿ.